ಹಸಿಮಣ್ಣಿನ ಪಾದ

ಜುಲೈ 6, ಶನಿವಾರ

ಅತ್ತೆ ಇವತ್ತು ಗೊಂಬೆ ತಂದೇಬಿಟ್ಟರು. ನಾನು ಬೇಡ ಎಂದದ್ದು ನಮ್ಮತ್ತೆ ಕಾಮಾಕ್ಷಿಯಮ್ಮಾಳ್ ಅವರ ಕಿವಿಗೆ ಯಾವತ್ತು ಬಿದ್ದಿದೆ? ಕುಂಬಾರಗಿತ್ತಿ ಪೊನ್ನುತಾಯಿಯ ಮನೆಯಿಂದ ಸೆರಗಿನಲ್ಲಿ ಮುಚ್ಚಿಕೊಂಡು, ದಾರಿಯಲ್ಲಿ ಯಾರೊಂದಿಗೂ ಮಾತಾಡದೆ ಬಂದು, ನಡುಮನೆಯ ಗೋಡೆಗೂಡಿನಲ್ಲಿ ಮಲಗಿಸಿದರು. ಒಂದು ಗೇಣಿಗಿಂತ ಸ್ವಲ್ಪ ದೊಡ್ಡದು. ಅಂಗಾತ ಮಲಗಿದ ಕೂಸು, ಮುಚ್ಚಿದ ಕಣ್ಣು, ಮೇಲಕ್ಕೆತ್ತಿದ ಎರಡು ಪುಟ್ಟ ಪಾದ.

ಇದಕ್ಕೆ ಇಲ್ಲಿ ಮದಲೆ ಎನ್ನುತ್ತಾರೆ, ಹರಕೆಯ ಮಣ್ಣುಮಗು. ನಮ್ಮೂರು ಕೊಂಬೈಯ ಉಳಿದವರೆಲ್ಲ ಸುಟ್ಟದ್ದನ್ನೇ ಕೊಂಡು ದೇವಿಯ ಗುಡಿಯಲ್ಲಿಟ್ಟು ಬರುತ್ತಾರೆ. ನಮ್ಮ ಮನೆಯ ಶಾಸ್ತ್ರವೇ ಬೇರೆ. ಬರೆದಿಡುತ್ತೇನೆ, ಬರೆದರೆ ಅದರ ಪೆದ್ದುತನ ನನಗಾದರೂ ಕಾಣಲಿ. ಬಸುರಿಗೆ ಐದು ತಿಂಗಳಾದಾಗ ಹಸಿಮಣ್ಣಿನದು ಮನೆಗೆ ಬರಬೇಕು. ಹೆರಿಗೆಯವರೆಗೆ ಬಸುರಿಯ ಕಣ್ಣೆದುರೇ ಇರಬೇಕು. ಮಗು ಹುಟ್ಟಿ ಅತ್ತರೆ ಗೊಂಬೆಯನ್ನು ಸುಟ್ಟು ಗುಡಿಗೆ ಕೊಡಬೇಕು. ಮಗು ಉಳಿಯದಿದ್ದರೆ ಸುಡುವಂತಿಲ್ಲ, ಕಣ್ಮಾಯಿಗೆ, ಅಂದರೆ ಊರ ಕೆರೆಗೆ ಒಯ್ದು ನೀರಿನಲ್ಲಿ ಕರಗಿಸಬೇಕು.

ಹೋದ ವರ್ಷದ್ದನ್ನು ಕರಗಿಸಿದರು. ಅದರ ವಿಷಯ ಇಲ್ಲಿ ಬರೆಯುವುದಿಲ್ಲ.

"ಒಳಗಿನ ಕೂಸಿಗೆ ಇದು ಕಾವಲು ಮಗಾ. ಎರಡೂ ಒಂದನ್ನೊಂದು ನೋಡ್ಕೊಂಡಿರ್ತವೆ" ಎಂದರು ಅತ್ತೆ. ಮಣ್ಣು ಪರೀಕ್ಷೆ ಮಾಡಿ ಸಂಬಳ ತರುವ ಸೊಸೆಗೆ ಮಣ್ಣಿನ ಕಾವಲು. ನಕ್ಕುಬಿಟ್ಟೆ.

ಈ ಪುಸ್ತಕ ನನ್ನೊಬ್ಬಳಿಗೆ. ತಮಿಳು ಸೀಮೆಯಲ್ಲಿದ್ದರೂ ನಮ್ಮ ಮನೆಮಾತು ಕನ್ನಡವೇ, ಆದರೆ ಓದಲು ಬರುವುದು ಧಾರವಾಡದಲ್ಲಿ ಕಲಿತುಬಂದ ನನಗೆ ಮಾತ್ರ. ಬೀಗ ಬೇಕಿಲ್ಲ.

ಜುಲೈ 11, ಗುರುವಾರ

ಇವತ್ತು ಲ್ಯಾಬಿಗೆ ಕಂಬಂ ಕಡೆಯ ದ್ರಾಕ್ಷಿ ತೋಟದವರೊಬ್ಬರು ಹಳದಿಯಾದ ಎಲೆ ಹಿಡಿದು ಬಂದಿದ್ದರು. ಕಬ್ಬಿಣದ ಕೊರತೆ. "ಮೂಟೆ ಮೂಟೆ ಹಾಕಿದೀನಮ್ಮಾ, ಗಿಡಕ್ಕೆ ಏರ್ತಾನೇ ಇಲ್ಲ" ಎಂದರು. ಹಾಕಿದ್ದು ಎಲ್ಲಿಗೂ ಹೋಗಿಲ್ಲ, ನಿಮ್ಮ ಕೆಳಹೊಲದ ಕರಿ ಜೇಡಿಮಣ್ಣೇ ಹಿಡಿದುಕೊಂಡಿದೆ ಎಂದೆ. ಜೇಡಿಗೆ ಕಬ್ಬಿಣ ಸಿಕ್ಕಿದರೆ ಸುಲಭಕ್ಕೆ ಬಿಡುವುದಿಲ್ಲ. ತಿಂಗಳಿಗೆ ಹತ್ತು ಜನರಿಗಾದರೂ ಹೇಳುವ ಪಾಠ ಇದು.

ಮನೆಗೆ ಬಂದಾಗ ಅತ್ತೆ ಅಂಗಳಕ್ಕೆ ನೀರು ಚಿಮುಕಿಸುತ್ತಿದ್ದರು. ಒದ್ದೆ ಮಣ್ಣಿನ ವಾಸನೆಗೆ ಬಾಯಲ್ಲಿ ನೀರೂರಿತು. ಗೂಡಿನ ಹತ್ತಿರ ಹೋಗಿ ಗೊಂಬೆಯನ್ನು ಮೂಸಿದೆ. ಕಣ್ಮಾಯಿಯ ತಳದ ಬೂದು ಮಣ್ಣು. ಮೇಲೆ ಘಟ್ಟದ ಬಂಡೆ ಸಾವಿರಾರು ವರ್ಷ ಮಳೆಗೆ ಕೊಳೆತು, ಜರಡಿ ಹಿಡಿದದ್ದಕ್ಕಿಂತ ನುಣ್ಣಗಾಗಿ, ಹೊಳೆಯಲ್ಲಿ ಇಳಿದು, ನೀರು ನಿಂತ ಕಡೆ ತಾನೂ ನಿಂತದ್ದು. ಗೂಡಿನಲ್ಲಿ ಉದುರಿದ್ದ ಒಂದು ಚೂರನ್ನು ಹಲ್ಲಿನ ನಡುವೆ ಕಡಿದು ನೋಡಿದೆ. ಇದು ನಮ್ಮ ಕಸುಬಿನ ವಾಡಿಕೆಯೇ. ಕರಕರ ಎಂದರೆ ಮರಳೋ ಹೂಳೋ ಇದೆ, ಬೆಣ್ಣೆಯ ಹಾಗೆ ಜಾರಿದರೆ ಶುದ್ಧ ಜೇಡಿ.

ಬೆಣ್ಣೆಯ ಹಾಗೆ ಜಾರಿತು.

ಜುಲೈ 23, ಮಂಗಳವಾರ

ತೇನಿಯಲ್ಲಿ ಡಾಕ್ಟರ್ ಅಮುದಾ ರಕ್ತ ನೋಡಿದರು. ಹತ್ತಕ್ಕೂ ತುಸು ಕಡಿಮೆ. ಕಬ್ಬಿಣದ ಮಾತ್ರೆ ದಿನಕ್ಕೆ ಎರಡು. "ಮಗು ಚೆನ್ನಾಗಿದೆ. ಆದರೆ ಹೋದ ಸಲದ ಹಾಗೆ ಏಳನೆಯ ತಿಂಗಳಲ್ಲೇ ಬರಬಾರದು. ನಿಮ್ಮ ರಕ್ತ ಏರಬೇಕು" ಎಂದು ತಮಿಳಿನಲ್ಲಿ ಮೆಲ್ಲಗೆ ಹೇಳಿದರು. ತಲೆಯಾಡಿಸಿದೆ.

ಘಟ್ಟದ ಗಾಳಿ ಮೂರು ದಿನದಿಂದ ನಿಂತಿಲ್ಲ. ಬಾಗಿಲು ತಾವೇ ಬಡಿದುಕೊಳ್ಳುತ್ತವೆ. ಗಾಳಿಗೆ ಗೊಂಬೆಯಿಂದ ಚೂರು ಉದುರುತ್ತಲೇ ಇದೆ. ಹರಕೆಯದ್ದು, ಗುಡಿಸಿ ಕಸಕ್ಕೆ ಹಾಕುವಂತಿಲ್ಲ. ಬಾಯಿಗೆ ಹಾಕಿಕೊಂಡೆ, ಅಷ್ಟೆ.

ಆಗಸ್ಟ್ 3, ಶನಿವಾರ

ಆಡಿ ಹದಿನೆಂಟು, ತಮಿಳರ ಆಡಿ ತಿಂಗಳ ಹೊಳೆಪೂಜೆಯ ದಿನ. ಊರ ಹೆಂಗಸರೆಲ್ಲ ಹೊಳೆಗೆ ಹೋಗಿದ್ದರು, ಅತ್ತೆಯೂ ಹೋದರು. ನನ್ನನ್ನು ಕರೆಯಲಿಲ್ಲ, ಬಸುರಿ ಹೊಳೆ ದಾಟಬಾರದಂತೆ. ಮಧ್ಯಾಹ್ನ ಮಲಗಿ ಎದ್ದು ನೋಡಿದರೆ ಗೊಂಬೆಯ ಎಡಗಾಲಿನ ಬೆರಳುಗಳಿಲ್ಲ.

ಉದುರಿದರೆ ಕೆಳಗೆ ಬಿದ್ದಿರಬೇಕಲ್ಲ. ಏನೂ ಇಲ್ಲ, ಗೂಡು ನೆಕ್ಕಿದ ಹಾಗೆ ಚೊಕ್ಕಟವಾಗಿದೆ.

ವಿಮಲ್ ಬೋಡಿಯ ಏಲಕ್ಕಿ ಮಂಡಿಯಿಂದ ಬಂದ ಕೂಡಲೆ ತೋರಿಸಿದೆ. ನನ್ನ ಗಂಡನಿಗೆ ನಮ್ಮ ಮಾತು ಅರ್ಥವಾಗುತ್ತದೆ, ಬಾಯಿ ತೆರೆದರೆ ತಮಿಳೇ. "ಎಲಿದಾನ್, ವೇರೆ ಎನ್ನ" ಎಂದ. ಇಲಿಯೇ, ಇನ್ನೇನು. ಸರಿ, ಇಲಿಯೇ ಇರಲಿ. ಗೂಡಿನ ಕೆಳಗೆ ಬೋನು ಇಟ್ಟ.

ಆಗಸ್ಟ್ 8, ಗುರುವಾರ

ಬೋನಿಗೆ ಇಲಿ ಬೀಳಲಿಲ್ಲ. ಎಡಪಾದ ಹಿಮ್ಮಡಿಯವರೆಗೂ ಹೋಗಿದೆ. ಬಲಪಾದ ಹಾಗೇ ಇದೆ. ಇಲಿಗೆ ಎಡ ಬಲ ಗೊತ್ತೇ?

ಆಗಸ್ಟ್ 11, ಭಾನುವಾರ

ಪಾದ ಬಂದಿದೆ.

ಬೆಳಿಗ್ಗೆ ದೀಪ ಹಚ್ಚಲು ಹೋದವಳು ಕಂಡೆ. ಐದೂ ಬೆರಳು, ಹಿಮ್ಮಡಿ, ಎಲ್ಲ. ಮುಟ್ಟಿದರೆ ತಣ್ಣಗಿತ್ತು. ಆಸೆಯಾಯಿತು ಎಂದು ಬರೆಯಲೋ, ಹೆದರಿಕೆಯಾಯಿತು ಎಂದು ಬರೆಯಲೋ ತಿಳಿಯುತ್ತಿಲ್ಲ. ಯಾರಿಗೂ ಹೇಳಲಿಲ್ಲ.

ಆಗಸ್ಟ್ 27, ಮಂಗಳವಾರ

ಮತ್ತೆ ಹೋಯಿತು, ಮತ್ತೆ ಬಂತು. ಎಡಪಾದವೇ, ಪ್ರತಿ ಸಲವೂ.

ಬರೆಯುವುದಿಲ್ಲ ಎಂದಿದ್ದೆ, ಬರೆಯುತ್ತೇನೆ. ಹೋದ ವರ್ಷ ನನಗೆ ಎಚ್ಚರ ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು. ಹೆಣ್ಣು. ಒಂದು ಸಂಜೆಯಷ್ಟು ಉಸಿರಾಡಿತಂತೆ. ನೋಡಿದರೆ ನನಗೆ ಮರೆಯಲಾಗುವುದಿಲ್ಲ ಎಂದು ಮುಖ ತೋರಿಸಲಿಲ್ಲ. ಅತ್ತೆ ಬಟ್ಟೆ ಸುತ್ತಿ ಎತ್ತಿಕೊಂಡು ಹೊರಗೆ ಹೋಗುವಾಗ ಬಟ್ಟೆಯ ಮಡಿಕೆಯಿಂದ ಒಂದು ಪಾದ ಹೊರಗೆ ಬಂದಿತ್ತು. ಎಡಪಾದ. ನನ್ನ ಹೆಬ್ಬೆರಳಿಗಿಂತ ಉದ್ದವಿರಲಿಲ್ಲ. ನಾನು ಕಂಡದ್ದು ಅಷ್ಟೇ. ಹೊಲದ ಬದುವಿನಲ್ಲಿ ಹೂತರು, ಗೊಂಬೆಯನ್ನು ಕಣ್ಮಾಯಿಯಲ್ಲಿ ಬಿಟ್ಟರು, ನಾನು ಹದಿನೈದನೆಯ ದಿನ ಲ್ಯಾಬಿಗೆ ಹೋದೆ. ಅಳಲಿಲ್ಲ. ಗಟ್ಟಿಗಿತ್ತಿ ಎಂದರು ಎಲ್ಲರೂ.

ಈಗ ಆ ಪಾದ ಮನೆಗೆ ಬಂದು ಹೋಗುತ್ತಿದೆ.

ಜೇಡಿಯ ಗುಣ ಒಂದಿದೆ. ಅದು ಚಪಾತಿ ಪೇರಿಸಿದ ಹಾಗೆ ಪದರ ಪದರ. ಆ ಪದರಗಳ ಮೇಲೆ ಸುಣ್ಣವೋ ಪೊಟ್ಯಾಶೋ ಏನಾದರೊಂದು ಕೂತಿರುತ್ತದೆ. ಬಿಡು ಎಂದರೆ ಬಿಡುವುದಿಲ್ಲ. ಅದರ ಜಾಗಕ್ಕೆ ಇನ್ನೊಂದನ್ನು ಕೊಟ್ಟರೆ ಮಾತ್ರ ಮೊದಲಿನದನ್ನು ಬಿಟ್ಟುಕೊಡುತ್ತದೆ. ಪರೀಕ್ಷೆಗೆ ಬರೆದು ನೂರಕ್ಕೆ ತೊಂಬತ್ತು ತೆಗೆದ ಪಾಠ. ಇವತ್ತು ಗೂಡಿನ ಮುಂದೆ ನಿಂತಾಗ ಅದು ನೆನಪಾಗಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡೆ. ಆ ಪಾದಕ್ಕೆ ಬದಲಾಗಿ ಮಣ್ಣು ಕೇಳುತ್ತಿರುವುದು ಇದನ್ನೇ ಇರಬಹುದೇ?

ಸೆಪ್ಟೆಂಬರ್ 7, ಶನಿವಾರ

ವಿನಾಯಕ ಚೌತಿ. ಬೀದಿಯ ತುಂಬ ಹಸಿಮಣ್ಣಿನ ಗಣೇಶರು. ಆ ವಾಸನೆಯಲ್ಲಿ ನಡೆದು ಬಸ್ಸು ಹಿಡಿದದ್ದೇ ಕಷ್ಟವಾಯಿತು.

ಡಾಕ್ಟರ್ ಅಮುದಾ ರಿಪೋರ್ಟು ನೋಡಿ ಕನ್ನಡಕ ತೆಗೆದರು. ಏಳು ಚಿಲ್ಲರೆ. ಒಂದೂವರೆ ತಿಂಗಳು ಮಾತ್ರೆ ನುಂಗಿದ ಮೇಲೆ ಏರಬೇಕಾದದ್ದು ಇಳಿದಿದೆ. "ಮಾತ್ರೆ ನುಂಗುತ್ತಿದ್ದೀರಾ?" ನುಂಗುತ್ತಿದ್ದೇನೆ, ಅದು ಸತ್ಯ. "ಸುಣ್ಣ, ಬಳಪ, ಮಣ್ಣು, ಏನಾದರೂ ತಿನ್ನಬೇಕು ಅನಿಸುತ್ತದೆಯಾ?" ಇಲ್ಲ ಎಂದೆ. ಉದುರಿದ ಚೂರನ್ನು ತಿನ್ನುವುದು ಎನ್ನುತ್ತಾರೆಯೇ? "ಹೀಗೇ ಇಳಿದರೆ ಮಗು ಬೆಳೆಯುವುದಿಲ್ಲ, ಈಗಲೇ ತೂಕ ಹಿಂದಿದೆ. ಹೆರಿಗೆಯಲ್ಲಿ ನಿಮ್ಮನ್ನೂ ಉಳಿಸಿಕೊಳ್ಳಲು ಆಗದಿರಬಹುದು" ಎಂದರು. ರಕ್ತನಾಳಕ್ಕೆ ಕಬ್ಬಿಣ ಏರಿಸಬೇಕಂತೆ, ಮುಂದಿನ ವಾರ.

ಬರುವಾಗ ಬಸ್ಸಿನಲ್ಲಿ ಮಗು ಒದೆಯಲಿಲ್ಲ. ವೀರಪಾಂಡಿ ದಾಟಿದ ಮೇಲೆ ಒಮ್ಮೆ ಮಿಸುಕಿತು. ಈಗ ಏಳನೆಯ ತಿಂಗಳು.

ಮನೆಗೆ ಬಂದರೆ ಅತ್ತೆ, "ಬಾಯಿ ತೊಳ್ಕೊ ಮಗಾ, ಹಲ್ಲೆಲ್ಲ ಬೂದಿ ಬಣ್ಣ ಐತೆ" ಎಂದರು. ಬಸ್ಸಿನ ಧೂಳು ಎಂದೆ.

ಸೆಪ್ಟೆಂಬರ್ 14, ಶನಿವಾರ

ಅವಳು ಬಂದಿದ್ದಾಳೆ. ಬೆರಳುಗಳು ಈ ಸಲ ಸ್ವಲ್ಪ ದಪ್ಪ. ಬೆಳೆಯುತ್ತಿದ್ದಾಳೆ.

ಸೆಪ್ಟೆಂಬರ್ 19, ಗುರುವಾರ

ಇವತ್ತಿನದನ್ನು ಇವತ್ತೇ ಬರೆಯುತ್ತೇನೆ.

ಲ್ಯಾಬಿನಿಂದ ಭೂತಗನ್ನಡಿ ತಂದಿದ್ದೆ. ಅವಳ ಪಾದವನ್ನು ಹತ್ತಿರದಿಂದ ನೋಡುವ ಆಸೆಗೆ. ಕಂಡದ್ದು ಬೇರೆ. ಕಣಕಾಲಿನ ಸುತ್ತ ಕೂದಲೆಳೆಯಷ್ಟು ಬಿರುಕು. ಒಣಗಿದ ಜೇಡಿಗೆ ಹಸಿ ಜೇಡಿ ಮೆತ್ತಿದರೆ ಹೀಗೇ ಆಗುವುದು. ಹಸಿಯದು ನೀರು ಬಿಟ್ಟು ಕುಗ್ಗುತ್ತದೆ, ಒಣಗಿದ್ದು ಆಗಲೇ ಕುಗ್ಗಿಯಾಗಿರುತ್ತದೆ, ನಡುವೆ ಗೆರೆ ಬಿಡುತ್ತದೆ. ಪಾದದ ಅಡಿಗೆ ಹೆಬ್ಬೆರಳು ಒತ್ತಿದ ಗುರುತು. ದೆವ್ವಕ್ಕೆ ಹೆಬ್ಬೆರಳಿನ ಗುರುತು ಇರುವುದಿಲ್ಲ.

ಅತ್ತೆ ಹಿತ್ತಿಲಲ್ಲಿ ಅವರೆ ಬಿಡಿಸುತ್ತಿದ್ದರು.

"ಅತ್ತೆ, ಗೊಂಬೆಯ ಕಾಲು ಮೆತ್ತಿದ್ದು ನೀವಾ?"

"ಹೂಂ, ನಾನೇ."

"ಮುರಿದದ್ದು ಯಾರು?"

ಅವರು ಮೊರ ಪಕ್ಕಕ್ಕಿಟ್ಟರು. "ಮುರೀಲಿಲ್ಲ ಮಗಾ. ನೀನೇ ತಿಂದೆ."

ಉದುರಿದ್ದು ಮಾತ್ರ ಎಂದೆ.

"ಒಂದು ಕಾಲು ಮುಗಿದು, ಇನ್ನೊಂದು ಮುಗಿದು, ಮೂರನೇದು ಮೆತ್ತಿ ಮಡಗಿದೀನಿ. ಉದುರೋದು ಅಷ್ಟಾ? ಮಧ್ಯಾಹ್ನ ಮಲಗಿ ಎದ್ದು ನೀನು ಗೂಡಿನ ಕಡೆ ಓಗೋದು, ಕಣ್ಣು ಮುಚ್ಕೊಂಡು ಕಡಿಯೋದು, ನಾನು ನೋಡಿದೀನಿ. ಮಸಕ್ಕೆ, ಬಸುರಿ ಬಯಕೆ, ತಡೀಬಾರದು ಅಂತ ಸುಮ್ಮಗಿದ್ದೆ. ವಿಮಲ್ ಹೊಟ್ಟೇಲಿದ್ದಾಗ ನಾನೂ ಗೋಡೆ ಕೆರೆದು ತಿಂದೋಳೇ."

ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕಿನ ಗಾದೆಯನ್ನು ನಾನು ಎಷ್ಟು ಜನರಿಗೆ ಅಂದಿದ್ದೇನೋ.

"ಮತ್ತೆ ಮತ್ತೆ ಮೆತ್ತಿದ್ದು ಯಾಕೆ?"

ಅತ್ತೆ ನನ್ನ ಮುಖ ನೋಡಲಿಲ್ಲ. "ನಿನ್ನ ಮೊದಲ ಕೂಸಿನ ಗೊಂಬೆ ಕರಗಿಸಿದ್ನಲ್ಲ, ಕಣ್ಮಾಯಿಯ ಆ ಮೂಲೇಲೇ ಮಣ್ಣು ತಗಂಡು ಈ ಗೊಂಬೆ ಮಾಡಿಸಿದ್ದು. ಮೆತ್ತಿದ್ದೂ ಆ ಮಣ್ಣೇ. ಅವಳ ಮುಖಾನೂ ನಿಂಗೆ ತೋರಿಸ್ಲಿಲ್ಲ. ನೀನು ಒಂದು ಹನಿ ಅಳಲಿಲ್ಲ. ಎಡಗಾಲೇ ತಿಂತಿದೀಯ ಅಂತ ಕಂಡಾಗ, ಅವತ್ತು ಬಟ್ಟೆಯಿಂದ ಆಚೆ ಬಂದ ಕಾಲು ನೀನು ನೋಡಿದ್ದೆ ಅಂತ ನಂಗೆ ಗೊತ್ತಾಯ್ತು. ತಿನ್ನಲಿ, ಅವಳು ತಾಯಿ ಹೊಟ್ಟೆಗೇ ಓಗಲಿ ಅಂದ್ಕೊಂಡೆ."

ನನಗೆ ಆಗ ದ್ರಾಕ್ಷಿ ತೋಟದವರ ಹಳದಿ ಎಲೆ ನೆನಪಾಯಿತು. ಮಾತ್ರೆ ನುಂಗಿದ ಹೊಟ್ಟೆಗೆ ದಿನವೂ ಜೇಡಿ ಇಳಿಸಿದ್ದೇನೆ. ಕಬ್ಬಿಣವೆಲ್ಲ ಅದು ಹಿಡಿದುಕೊಂಡು ಹೋಗಿದೆ. ಅದನ್ನೇ ಅತ್ತೆಗೆ ಹೇಳಿದೆ. ನಾನು ತಿನ್ನುತ್ತಿರುವುದು ದೊಡ್ಡ ಮಗಳನ್ನಲ್ಲ, ಒಳಗಿರುವುದರ ರಕ್ತ ಎಂದೆ.

"ಅಯ್ಯೋ ಕಡವುಳೇ" ಎಂದರು ಅತ್ತೆ. "ನಂಗೆ ತಿಳೀಲಿಲ್ಲ ಮಗಾ."

"ನನಗೆ ತಿಳಿದಿತ್ತು ಅತ್ತೆ" ಎಂದೆ, ಮತ್ತು ಅಳು ಬಂತು. ಅವರೆ ಸಿಪ್ಪೆಯ ನಡುವೆ ಕೂತು ಅಳುತ್ತಲೇ ಇದ್ದೆ. ಬಹಳ ಹೊತ್ತು.

ಸೆಪ್ಟೆಂಬರ್ 22, ಭಾನುವಾರ

ಕಬ್ಬಿಣ ರಕ್ತಕ್ಕೇ ಏರಿಸಿದ್ದಾರೆ. ಆದರೆ ಬಾಯಿ ಹಾಕದೆ ಗೂಡನ್ನು ದಾಟಿಹೋಗಲು ನನ್ನಿಂದ ಆಗುತ್ತಿಲ್ಲ. ನಿನ್ನೆ ಮತ್ತೆ ಒಂದು ಬೆರಳು ಹೋಗಿದೆ. ನಾನೇ, ಈಗ ಕಣ್ಣು ತೆರೆದುಕೊಂಡೇ.

ಅತ್ತೆಗೆ ಹೇಳಿದೆ. ಎದ್ದು ಹೋಗಿ ಗೊಂಬೆಯನ್ನು ಸೆರಗಿನಲ್ಲಿ ಸುತ್ತಿಕೊಂಡರು. "ಸುಟ್ಟುಬಿಡ್ತೀನಿ. ಸುಟ್ಟರೆ ಹಲ್ಲು ಇಳಿಯಲ್ಲ."

ನಮ್ಮ ಮನೆಯಲ್ಲಿ ಹೆರಿಗೆಗೆ ಮುಂಚೆ ಗೊಂಬೆ ಸುಟ್ಟವರಿಲ್ಲ. ಹುಟ್ಟದ ಮಗು ಹುಟ್ಟಿದೆ ಎಂದು ದೇವಿಗೆ ಸುಳ್ಳು ಹೇಳಿದ ಹಾಗೆ, ಹೇಳಿದವರ ಕೂಸನ್ನು ಅವಳು ತೆಗೆದುಕೊಳ್ಳುತ್ತಾಳೆ ಎಂಬುದು ಅತ್ತೆಯೇ ನನಗೆ ಹೇಳಿದ್ದು. ಈಗ ತಡೆದವಳು ನಾನು. ಮೂಢನಂಬಿಕೆ ಎಂದು ನಗುತ್ತಿದ್ದ ನಾನೇ ಅವರ ಸೆರಗು ಹಿಡಿದು, ಬೇಡ ಅತ್ತೆ, ಏನಾದರೂ ಆದರೆ ಎಂದೆ.

"ಶಾಸ್ತ್ರ ತಪ್ಪಿದ ಪಾಪ ನಂಗಿರಲಿ" ಎಂದರು. "ಕೂಸು ನಿಂಗಿರಲಿ."

ಪೊನ್ನುತಾಯಿ ಕಾಲು ತಿರುಗಿಸಿ ನೋಡಿ, "ಒಟ್ಟುಪ್ಪೋಟ್ಟ ಕಾಲು ನಿಕ್ಕಾದುಮ್ಮಾ" ಎಂದಳಂತೆ. ಅಂಟಿಸಿದ ಕಾಲು ಬೆಂಕಿಯಲ್ಲಿ ನಿಲ್ಲುವುದಿಲ್ಲ. ನನಗೂ ಅದು ಗೊತ್ತು. ಆದರೂ ಸುಡಲು ಬಿಟ್ಟು ಬಂದಿದ್ದಾರೆ.

ಸೆಪ್ಟೆಂಬರ್ 29, ಭಾನುವಾರ

ಕುಂಬಾರರ ಆವಿಗೆ ತೆರೆದರು, ಅಂದರೆ ಪೊನ್ನುತಾಯಿಯ ಅಂಗಳದ ಬೆರಣಿ ಹುಲ್ಲಿನ ಗುಡ್ಡೆ. ನಾನೂ ಹೋಗಿದ್ದೆ. ಬೂದಿಯೊಳಗಿಂದ ಗೊಂಬೆ ಕೆಂಪಗೆ ಬಂತು. ಬೂದು ಮಣ್ಣಿನೊಳಗೆ ಅಡಗಿದ್ದ ಕಬ್ಬಿಣ ಬೆಂಕಿ ಕಂಡು ತೋರಿದ ಬಣ್ಣ. ಎಡಪಾದ ಇರಲಿಲ್ಲ.

ಅತ್ತೆ ಅಲ್ಲೇ ಕುಸಿದು ಕೂತರು. ಪೊನ್ನುತಾಯಿ ಕೋಲಿನಿಂದ ಬೂದಿ ಕೆದಕಿದಳು. ಪಾದ ಚೂರಾಗಿರಲಿಲ್ಲ, ಕಣಕಾಲಿನ ಗೆರೆಗೆ ಸರಿಯಾಗಿ ಕಳಚಿಕೊಂಡು ಇಡಿಯಾಗಿ ಬಿದ್ದಿತ್ತು. ಒಂದು ಬೆರಳು ಕಡಿಮೆ. ಉಗುರಿನಿಂದ ತಟ್ಟಿದರೆ ಟಣ್ ಎಂದಿತು.

ಸೆರಗಿನ ತುದಿಗೆ ಕಟ್ಟಿಕೊಂಡು ತಂದೆ. ದಾರಿಯುದ್ದಕ್ಕೂ ಬಿಸಿಯಾಗಿತ್ತು.

ಅಕ್ಟೋಬರ್ 14, ಸೋಮವಾರ

ರಕ್ತ ಏರುತ್ತಿದೆ. ಡಾಕ್ಟರ್‌ಗೆ ನಿಜ ಹೇಳಿದೆ, ಬಯ್ಯಲಿಲ್ಲ. ಮಗುವಿನ ತೂಕ ಇನ್ನೂ ಕಡಿಮೆಯೇ. ಏಳನೆಯ ತಿಂಗಳು ದಾಟಿದೆ.

ಮಳೆ ಹಿಡಿದುಕೊಂಡಿದೆ. ಬಾಯಿ ಸುಮ್ಮನಿರುವುದಿಲ್ಲ, ಒಣಶುಂಠಿ ಕಚ್ಚುತ್ತೇನೆ. ಮಧ್ಯಾಹ್ನ ಎದ್ದಾಗ ಕೈ ಗೂಡಿನ ಕಡೆಗೇ ಹೋಗುತ್ತದೆ, ಅಲ್ಲಿ ಕೆಂಪು ಗೊಂಬೆ, ಕಲ್ಲಿನಂತೆ. ಒಮ್ಮೆ ಹಲ್ಲಿಟ್ಟೂ ನೋಡಿದೆ. ಅತ್ತೆ ದಿನವೂ ಗುಡಿಗೆ ಹೋಗಿ ಏನೋ ಬೇಡಿಕೊಂಡು ಬರುತ್ತಾರೆ, ಒಂದು ಹೊತ್ತಿನ ಊಟ ಬಿಟ್ಟಿದ್ದಾರೆ. ನನಗೆ ಎಡಪಾದದ ಕನಸು. ಹುಟ್ಟುವ ಮಗುವಿಗೆ ಆ ಪಾದ ಇರುವುದಿಲ್ಲ ಎಂದು ಕನಸಿನಲ್ಲಿ ಯಾರೋ ಹೇಳುತ್ತಾರೆ. ಹಗಲಿನಲ್ಲೂ ಅದನ್ನು ನಂಬುತ್ತೇನೆ.

ನವೆಂಬರ್ 16, ಶನಿವಾರ

ನಿನ್ನೆ ಹುಟ್ಟಿದಳು. ಅತ್ತಳು. ಚಿಕ್ಕವಳು, ಬೆಕ್ಕಿನ ಮರಿಯಷ್ಟು, ಆದರೆ ಚೀರುವುದು ಕೇಳಬೇಕು.

ಅತ್ತೆ ಒಳಗೆ ಬಂದವರು ಮುಖ ನೋಡದೆ ಮೊದಲು ಬಟ್ಟೆ ಸರಿಸಿ ಕಾಲು ನೋಡಿದರು. ನಾನೂ ಅದನ್ನೇ ಮಾಡಿದ್ದೆ. ಎರಡೂ ಇವೆ. ಎಡಪಾದವನ್ನು ಬಾಯಿಗೆ ಹತ್ತಿರ ತಂದು ಹಾಗೇ ಇಟ್ಟುಕೊಂಡಿದ್ದೆ.

ಡಿಸೆಂಬರ್ 16, ಸೋಮವಾರ

ಹೆರಿಗೆಯ ಮೂವತ್ತು ದಿನ ಕಳೆಯಿತು, ಹೊರಗೆ ಬರಬಹುದು. ಬೆಳಿಗ್ಗೆ ಗುಡಿಗೆ ಹೋಗಿ ಗೊಂಬೆ ಇಟ್ಟೆವು. ಕಾಲಿಲ್ಲದ ಗೊಂಬೆಯನ್ನು ಪೂಜಾರಿ ತಿರುಗಿಸಿ ನೋಡಿದ. "ಕೂಸಿಗೆ ಐತೆ ಸಾಮಿ" ಎಂದು ಅತ್ತೆ ಮಗುವಿನ ಕಾಲು ತೋರಿಸಿದರು. ಇಟ್ಟುಕೊಂಡ.

ಅಲ್ಲಿಂದ ಕಣ್ಮಾಯಿಗೆ ಹೋದೆವು. ಮಳೆಗೆ ತುಂಬಿ ದಂಡೆಯವರೆಗೆ ನೀರು ಬಂದಿದೆ. ದೊಡ್ಡವಳ ಗೊಂಬೆಯನ್ನು ಬಿಟ್ಟ ಮೂಲೆಯನ್ನು ಅತ್ತೆ ತೋರಿಸಿದರು. ನಾನು ಅಲ್ಲಿಗೆ ಬಂದದ್ದು ಇದೇ ಮೊದಲು. ಸೆರಗಿನ ಗಂಟು ಬಿಚ್ಚಿ ಪಾದವನ್ನು ನೀರಿಗೆ ಬಿಟ್ಟೆ. ನೇರ ಕೆಳಗೆ ಹೋಯಿತು. ಹಸಿಮಣ್ಣು ನೀರು ಕಂಡರೆ ಕರಗಿ ಯಾರದೂ ಅಲ್ಲದ ಕೆಸರಾಗುತ್ತದೆ, ಸುಟ್ಟದ್ದು ಹಾಗಲ್ಲ. ಎಷ್ಟು ವರ್ಷ ನೀರಿನಲ್ಲಿದ್ದರೂ ಅದು ಪಾದವಾಗಿಯೇ ಇರುತ್ತದೆ. ಅವಳ ಹತ್ತಿರ ಅವಳದೇ ಒಂದು ಇರಲಿ.

ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳು ಮಗುವಿನ ಮುಖ ನೋಡಲು ಹತ್ತಿರ ಬಂದಳು. ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡು, ಮೊದಲ ಕೂಸಾ ಎಂದು ಕೇಳಿದಳು.

ಅಲ್ಲ, ಎರಡನೆಯವಳು ಎಂದೆ. ಬಿಸಿಲು ಏರುತ್ತಿತ್ತು, ಮಗುವಿಗೆ ಸೆರಗು ಮುಚ್ಚಿಕೊಂಡು ಮನೆಗೆ ಬಂದೆವು.